ಗುಣವತಿಯ ಗ್ಯಾರೇಜಿನಲ್ಲಿ ಅಮ್ಮ

ಚಳಿಗಾಲ ಬಂತೆಂದರೆ ನನ್ನ ಬೆರಳಿನ ಗೆಣ್ಣುಗಳು ಬಿರಿಯುತ್ತವೆ. ಈ ದೇಶಕ್ಕೆ ಬಂದು ಇಷ್ಟು ವರ್ಷವಾದರೂ ನನ್ನ ಚರ್ಮ ಮಾತ್ರ ಇನ್ನೂ ಕುಂದಾಪುರದಲ್ಲೇ ಉಳಿದಿದೆ. ಮೊನ್ನೆ ಔಷಧದಂಗಡಿಯ ಹುಡುಗಿ ನನ್ನ ಕೈ ನೋಡಿ ಮರುಕಪಟ್ಟು ಒಂದು ಹೊಸ ಮುಲಾಮು ಕೊಟ್ಟಳು. ಟ್ರಾಮಿನಲ್ಲಿ ಕೂತು ಮುಚ್ಚಳ ತೆರೆದೆ. ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡಿನ ವಾಸನೆ. ಒದ್ದೆ ಕಂಬಳಿಯನ್ನು ಒಲೆಯ ಪಕ್ಕ ಒಣಹಾಕಿದರೆ ಬರುತ್ತದಲ್ಲ, ಹೆಚ್ಚುಕಡಿಮೆ ಅಂಥದ್ದು. ಪಕ್ಕದಲ್ಲಿದ್ದವರು ಮರ್ಯಾದೆಯಿಂದ ಸ್ವಲ್ಪ ಆಚೆ ಸರಿದರು. ನಾನು ಮೂಗನ್ನು ಟ್ಯೂಬಿಗೆ ಇನ್ನಷ್ಟು ಹತ್ತಿರ ತಂದೆ. ಕಣ್ಣು ಮುಚ್ಚಿದರೆ ಪಕ್ಕದ ಮನೆಯ ಗುನ್ವೋರಳ ಗ್ಯಾರೇಜು, ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ನನ್ನ ಅಮ್ಮ, ಬಾಗಿಲಲ್ಲಿ ನಾನು. ಎದೆಯಲ್ಲಿ ಆ ಹಳೆಯ ಉರಿ.

ಮುಲಾಮಿಗೂ ಹೊಟ್ಟೆಕಿಚ್ಚಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತಿ ಬರಬೇಕಾಗುತ್ತದೆ. ನೇರವಾಗಿ ಹೇಳಿದರೆ ನನ್ನ ಮರ್ಯಾದೆಗೆ ಒಳ್ಳೆಯದಲ್ಲ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ನನಗೆ ಮೋಲ್ನ್‌ಡಾಲಿನ ಔಷಧ ಸಂಶೋಧನೆಯಲ್ಲಿ ಕೆಲಸ. ಗಂಡ ಪ್ರಸನ್ನ ಬೆಂಗಳೂರಿನವನು. ಗೋಥೆನ್‌ಬರ್ಗಿನಲ್ಲಿ ಕಾರುಗಳ ಒಳಗಿನ ಸಾಫ್ಟ್‌ವೇರು ಬರೆಯುತ್ತಿದ್ದ. ಮಗಳು ಅನಘಾ ದಾಗಿಸಿಗೆ, ಅಂದರೆ ಇಲ್ಲಿಯ ಶಿಶುವಿಹಾರಕ್ಕೆ, ಹೋಗಿ ನಮ್ಮಿಬ್ಬರಿಗಿಂತ ಬೇಗ ಸ್ವೀಡಿಷ್ ಕಲಿತು ನಮ್ಮ ಉಚ್ಚಾರಣೆ ತಿದ್ದತೊಡಗಿದ್ದಳು. ಊರ ಹೊರಗಿನ ಒಂದು ಸಾಲುಮನೆಯಲ್ಲಿ ನಾವಿದ್ದೆವು. ಪಕ್ಕದ ಮನೆಯಲ್ಲಿ ಗುನ್ವೋರ್ ಒಬ್ಬಳೇ ಇದ್ದಳು. ದಂತವೈದ್ಯರ ಬಳಿ ದಾದಿಯಾಗಿ ದುಡಿದು ನಿವೃತ್ತಳಾದವಳು, ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಎತ್ತರದ ನೀಳ ಹೆಂಗಸು. ಬೇಲಿಯ ಆಚೆಯಿಂದ ತಲೆಯಾಡಿಸಿ ‘ಹೇ’ ಎನ್ನುತ್ತಿದ್ದಳು. ಮೊದಲ ವರ್ಷವೆಲ್ಲ ನಮ್ಮ ಸ್ನೇಹ ಆ ಒಂದಕ್ಷರದ ಮೇಲೆ ನಡೆಯಿತು.

ಎರಡನೆಯ ವರ್ಷದ ಒಂದು ಶನಿವಾರ ಬೆಳಿಗ್ಗೆ ಅವಳ ಗ್ಯಾರೇಜಿನಿಂದ ಒಂದು ಸದ್ದು ಬರುತ್ತಿತ್ತು. ಕಿರ್ರೆಂದು ಎಳೆದ ಹಾಗೆ, ಆಮೇಲೆ ಟಣ್ ಎಂದು ಏನೋ ಸಣ್ಣದು ಡಬ್ಬಿಗೆ ಬಿದ್ದ ಹಾಗೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ. ನಾನು ಕುತೂಹಲದವಳು. ಸಕ್ಕರೆ ಕೇಳುವ ನೆಪದಲ್ಲಿ ಹೋದೆ. ಅವಳು ಬೆಂಚಿಗೆ ಬಿಗಿದ ಒಂದು ಕಬ್ಬಿಣದ ಪ್ರೆಸ್ಸಿನ ಮುಂದೆ ನಿಂತು ಬಲಗೈಯ ಹೆಬ್ಬೆರಳನ್ನು ಎಡಗೈಯಿಂದ ತಿಕ್ಕಿಕೊಳ್ಳುತ್ತಿದ್ದಳು. ಬೆಂಚಿನ ಮೇಲೆ ದಂತವೈದ್ಯರ ಸ್ಟೀಲಿನ ಟ್ರೇಗಳು. ಅವುಗಳಲ್ಲಿ ಸಾಲಾಗಿ ನಿಂತ ಹಿತ್ತಾಳೆಯ ಖಾಲಿ ತೋಟಾಗಳು.

ಗುನ್ವೋರ್ ರೈಫಲ್ ಗುರಿಕಾರಳು. ಪ್ರಾಣಿಗಳಿಗೆ ಹೊಡೆಯುವುದನ್ನು ಗಂಡನೊಂದಿಗೇ ಬಿಟ್ಟಿದ್ದಳು; ಈಗ ಬರೀ ಕಾಗದದ ಗುರಿ, ಊರಿನ ಶೂಟಿಂಗ್ ಕ್ಲಬ್ಬು, ವಯಸ್ಸಾದವರ ಪಂದ್ಯಗಳು. ಅಂಗಡಿಯ ತೋಟಾಗಳ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆಯನ್ನು ಬಿಸಾಡದೆ ಮತ್ತೆ ಮತ್ತೆ ತುಂಬಿಸಿಕೊಳ್ಳುತ್ತಿದ್ದಳು. ಅದರ ಮೊದಲ ಕೆಲಸ, ಹಿತ್ತಾಳೆಯನ್ನು ಅಳತೆಗೆ ತರುವುದು. ಗುಂಡು ಹಾರಿದಾಗ ಒಳಗಿನ ಒತ್ತಡಕ್ಕೆ ತೋಟಾ ಸ್ವಲ್ಪ ಉಬ್ಬುತ್ತದೆ. ಹಾಗೆಯೇ ಇಟ್ಟರೆ ಮುಂದಿನ ಸಲ ಕೋವಿಯೊಳಗೆ ಸಲೀಸಾಗಿ ಕೂರುವುದಿಲ್ಲ. ಅದಕ್ಕೆ ತೆಳ್ಳಗೆ ಉಣ್ಣೆಯ ಜಿಡ್ಡು ಸವರಿ, ಪ್ರೆಸ್ಸಿನಲ್ಲಿ ನಿಲ್ಲಿಸಿ, ಹಿಡಿ ಕೆಳಗೆ ಎಳೆಯಬೇಕು. ತೋಟಾ ಮೇಲೇರಿ ಉಕ್ಕಿನ ಅಚ್ಚಿನೊಳಗೆ ಹೋಗುತ್ತದೆ, ಅಲ್ಲಿ ಅದರ ಮೈ ಅಮುಕಿ ಮೊದಲಿನ ಅಳತೆಗೆ ಬರುತ್ತದೆ, ಬುಡದಲ್ಲಿದ್ದ ಸುಟ್ಟ ಕ್ಯಾಪು ಉದುರಿ ಡಬ್ಬಿಗೆ ಬೀಳುತ್ತದೆ. ಹಿಡಿ ಮೇಲೆತ್ತಿದರೆ ತೋಟಾ ಕಿರ್ರೆಂದು ಗೊಣಗುತ್ತ ಹೊರಗೆ ಬರುತ್ತದೆ. ಅದಷ್ಟೇ. ಆದರೆ ಆ ಹಿಡಿ ಎಳೆಯಲು ಅವಳ ಹೆಬ್ಬೆರಳಿನ ಕೀಲು ಈಗ ಒಪ್ಪುತ್ತಿರಲಿಲ್ಲ.

‘ನಿನ್ನ ಕೈ ಗಟ್ಟಿ ಇದೆಯಾ?’ ಎಂದು ಕೇಳಿದಳು. ಅದು ಅವಳು ನನ್ನೊಡನೆ ಆಡಿದ ಮೊದಲ ಪೂರ್ತಿ ವಾಕ್ಯ.

ಹೀಗೆ ಶನಿವಾರದ ಬೆಳಗುಗಳು ನನ್ನವಾದವು. ಪ್ರಸನ್ನ ಅನಘಾಳನ್ನು ಈಜಿಗೆ ಕರೆದುಕೊಂಡು ಹೋದರೆ ನಾನು ಬೇಲಿ ದಾಟಿ ಗ್ಯಾರೇಜಿಗೆ ಹೋಗುತ್ತಿದ್ದೆ. ಅವನಿಗೆ ಮೊದಲು ಗಾಬರಿ. ‘ಏನೇ ಇದು, ಗನ್ನು ಗಿನ್ನು ಎಲ್ಲಾ ನಮಗ್ಯಾಕೆ? ಕಮ್ಯೂನ್ ಆಫೀಸಿನವರಿಗೆ ಗೊತ್ತಾದ್ರೆ ವರ್ಕ್ ಪರ್ಮಿಟ್ಟೇ ಕ್ಯಾನ್ಸಲ್ ಮಾಡಿಬಿಟ್ರೆ?’ ಎಂದ. ಕೋವಿ ಕಬ್ಬಿಣದ ಬೀರುವಿನಲ್ಲಿ ಬೀಗದೊಳಗಿದೆ, ನಾನು ಅದನ್ನು ಕಣ್ಣಲ್ಲೂ ನೋಡಿಲ್ಲ, ಮದ್ದು ತುಂಬುವ ಕೆಲಸವನ್ನು ಗುನ್ವೋರ್ ಯಾರಿಗೂ ಕೊಡುವುದಿಲ್ಲ, ನಾನು ಮುಟ್ಟುವುದು ಖಾಲಿ ಹಿತ್ತಾಳೆ ಮಾತ್ರ ಎಂದು ವಿವರಿಸಿದೆ. ‘ಅಂದ್ರೆ ಪಾತ್ರೆ ತೊಳೆಯೋ ಕೆಲಸ’ ಎಂದು ಸಮಾಧಾನಪಟ್ಟುಕೊಂಡ.

ಅದು ಪಾತ್ರೆ ತೊಳೆಯುವ ಕೆಲಸವಾಗಿದ್ದರೆ ನಾನು ಹೋಗುತ್ತಿರಲಿಲ್ಲ. ಅದು ಮನೆಯಲ್ಲೇ ಬೇಕಾದಷ್ಟಿತ್ತು. ನನ್ನನ್ನು ಅಲ್ಲಿಗೆ ಎಳೆಯುತ್ತಿದ್ದುದು ಒಂದು ಶಬ್ದ. ತೋಟಾ ಚೆನ್ನಾಗಿ ಬಂದರೆ ಗುನ್ವೋರ್ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ‘ದುಕ್ತಿಗ್’ ಎನ್ನುತ್ತಿದ್ದಳು. ಜಾಣೆ ಎಂದು ಅರ್ಥ. ಇಲ್ಲಿ ಮಕ್ಕಳು ಬೂಟು ಹಾಕಿಕೊಂಡರೂ ಹೇಳುವ ಮಾತದು. ನನಗೆ ಮೂವತ್ತು ದಾಟಿತ್ತು, ಡಾಕ್ಟರೇಟು ಇತ್ತು. ಆದರೂ ಆ ಶಬ್ದಕ್ಕಾಗಿ ವಾರವಿಡೀ ಕಾಯುತ್ತಿದ್ದೆ.

ಯಾಕೆಂದು ತಿಳಿಯಬೇಕಾದರೆ ನನ್ನ ಅಮ್ಮನ ಬಗ್ಗೆ ಹೇಳಬೇಕು. ಅಮ್ಮ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದರು. ಎಂಟನೆಯ ತರಗತಿಗೆ ನಾನು ಅಮ್ಮನ ಶಾಲೆಗೇ ಸೇರಿದೆ. ಗೇಟಿನೊಳಗೆ ಕಾಲಿಟ್ಟರೆ ‘ಟೀಚರ್’ ಎಂದು ಕರೆಯಬೇಕು, ಗೇಟಿನ ಹೊರಗೆ ‘ಅಮ್ಮ’ ಎನ್ನಬಹುದು. ಕರೆಯುವ ಹೆಸರು ಬದಲಾದರೂ ಉತ್ತರಿಸುವ ದನಿ ಬದಲಾಗುತ್ತಿರಲಿಲ್ಲ. ಲೆಕ್ಕವೆಲ್ಲ ಸರಿಯಿದ್ದರೂ ನನ್ನ ಉತ್ತರಪತ್ರಿಕೆಯಲ್ಲಿ ಒಂದಾದರೂ ಅಂಕ ಕಡಿಮೆ ಇರುತ್ತಿತ್ತು. ‘ಮಗಳಿಗೆ ಪೂರ್ತಿ ಕೊಟ್ಟರು ಅಂತ ಹೇಳುವವರು ಹೇಳ್ತಾರೆ’ ಎನ್ನುತ್ತಿದ್ದಳು. ಹೊಡೆದವಳಲ್ಲ, ಬೈದವಳೂ ಅಲ್ಲ. ಜ್ವರ ಬಂದರೆ ಇಡೀ ದಿನ ಪಕ್ಕದಲ್ಲಿ ಕೂರುವವಳು, ಆದರೆ ಕೂತು ಪೇಪರು ತಿದ್ದುವವಳು. ಹಾಗೆ ಬೆಳೆದವಳಿಗೆ ಪರದೇಶದ ಗ್ಯಾರೇಜೊಂದರಲ್ಲಿ ಯಾರೋ ಲೆಕ್ಕವಿಡದೆ ‘ಜಾಣೆ, ಜಾಣೆ’ ಎಂದರೆ ಏನಾಗುತ್ತದೆ ನೀವೇ ಊಹಿಸಿ. ಗುನ್ವೋರ್ ನನ್ನ ಸ್ವಂತ ಆಸ್ತಿ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಅಮ್ಮ ನಿವೃತ್ತಳಾದ ಮರುಬೇಸಿಗೆಗೆ ನಮ್ಮಲ್ಲಿಗೆ ಬಂದಳು. ಬಂದ ಮೊದಲ ಶನಿವಾರವೇ ಅವಳನ್ನು ಗ್ಯಾರೇಜಿಗೆ ಕರೆದುಕೊಂಡು ಹೋದೆ. ನನ್ನ ಉದ್ದೇಶ ಸರಳ: ಗುನ್ವೋರ್ ನನ್ನನ್ನು ಹೊಗಳಬೇಕು, ಅಮ್ಮ ಅದನ್ನು ಕೇಳಬೇಕು.

ಅಮ್ಮ ಬಾಗಿಲಲ್ಲೇ ನಿಂತು, ‘ಎಂತದು ಇದು, ಕೊಲ್ಲುವ ಸಾಮಾನಾ?’ ಎಂದಳು.

‘ಅಲ್ಲಮ್ಮ, ಕಾಗದಕ್ಕೆ ಹೊಡೆಯೂದು ಅಷ್ಟೆ.’

‘ಕಾಗದಕ್ಕಾದರೆ ಅಡ್ಡಿಲ್ಲ’ ಎಂದು ಚಪ್ಪಲಿ ಕಳಚಿಟ್ಟು ಒಳಗೆ ಬಂದಳು.

ನಾನು ಒಂದು ತೋಟಾ ಆರಿಸಿ, ಜಿಡ್ಡು ಸವರಿ, ಹಿಡಿಯನ್ನು ಒಂದೇ ಹದದಲ್ಲಿ ಎಳೆದು, ಎತ್ತಿ, ಹೊರಬಂದ ತೋಟಾವನ್ನು ಒರೆಸಿ ಅಮ್ಮನ ಕೈಗೆ ಕೊಟ್ಟೆ. ಉಮೇದಿನಲ್ಲಿ ಜಿಡ್ಡು ಒಂದು ಚೂರು ಹೆಚ್ಚು ಹಚ್ಚಿದ್ದೆನೆಂದು ಕಾಣುತ್ತದೆ. ಅಮ್ಮ ಕನ್ನಡಕ ಮೂಗಿನ ತುದಿಗಿಳಿಸಿ ಅದನ್ನು ತಿರುಗಿಸಿದಳು. ‘ಇಲ್ಲಿ ಒಂದು ಗುಳಿ ಉಂಟು’ ಎಂದು ತೋಟಾದ ಹೆಗಲಿನ ಹತ್ತಿರ ಬೆರಳಿಟ್ಟಳು. ಗುನ್ವೋರ್ ಅದನ್ನು ಇಸಿದುಕೊಂಡು ಭೂತಗನ್ನಡಿಯಲ್ಲಿ ನೋಡಿದಳು. ಅರ್ಧ ಸಾಸಿವೆಯಷ್ಟಿದ್ದ ಒಂದು ತಗ್ಗು. ಜಿಡ್ಡು ಹೆಚ್ಚಾದರೆ ಅದಕ್ಕೆ ಹೋಗಲು ಜಾಗವಿಲ್ಲದೆ ಹಿತ್ತಾಳೆಯನ್ನೇ ಒಳಗೆ ಒತ್ತಿಬಿಡುತ್ತದೆ. ಗುನ್ವೋರ್ ನಕ್ಕು ಇಂಗ್ಲಿಷಿನಲ್ಲಿ, ‘ನೀವು ಟೀಚರೇ?’ ಎಂದು ಅಮ್ಮನನ್ನು ಕೇಳಿದಳು. ಅಮ್ಮ ಹೌದೆಂದಳು. ಇಬ್ಬರೂ ನನ್ನ ತಪ್ಪಿನ ಮೇಲೆ ತಲೆಗೆ ತಲೆ ತಾಗಿಸಿ ಬಗ್ಗಿದರು. ಅವರ ಸ್ನೇಹ ಶುರುವಾದದ್ದು ಹಾಗೆ.

ಮುಂದಿನ ವಾರದಿಂದ ನಾನು ಆಫೀಸಿಗೆ ಹೋದ ಮೇಲೆ ಅಮ್ಮ ಬೇಲಿ ದಾಟತೊಡಗಿದಳು. ಮೊದಲು ಬಾಯಿ ಬಿರಿದ ತೋಟಾಗಳನ್ನು ಬೇರೆ ಮಾಡುವ ಕೆಲಸ. ಮೌಲ್ಯಮಾಪನದ ಅಭ್ಯಾಸವಿದ್ದವಳಿಗೆ ಪಾಸು ಫೇಲು ಹೇಳುವುದು ಇಷ್ಟವೇ. ಆಮೇಲೆ ಜಿಡ್ಡು ಸವರುವುದು, ಕೊನೆಗೆ ಪ್ರೆಸ್ಸಿನ ಹಿಡಿಯೇ ಅವಳ ಕೈಗೆ ಬಂತು. ಶನಿವಾರ ನಾನು ಹೋಗುವಷ್ಟರಲ್ಲಿ ಟ್ರೇಗಳಲ್ಲಿ ತೋಟಾಗಳೆಲ್ಲ ಅಳತೆಗೆ ಬಂದು ಹೊಳೆಯುತ್ತ ನಿಂತಿರುತ್ತಿದ್ದವು. ‘ಇವತ್ತು ಕೆಲಸ ಇಲ್ಲ, ಫೀಕಾ ಮಾಡೋಣ’ ಎನ್ನುತ್ತಿದ್ದಳು ಗುನ್ವೋರ್. ಕಾಫಿ, ಏಲಕ್ಕಿ ಬನ್ನು ಬರುತ್ತಿತ್ತು. ನಾನು ಇಬ್ಬರಿಗೂ ಕಾಫಿ ಬಗ್ಗಿಸುವವಳಾದೆ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅವರು ಒಬ್ಬರಿಗೊಬ್ಬರು ಹೆಸರಿಟ್ಟುಕೊಂಡರು. ಅಮ್ಮನಿಗೆ ತನಗಿಂತ ಹಿರಿಯಳನ್ನು ಬರಿಯ ಹೆಸರು ಹಿಡಿದು ಕರೆಯಲು ಬಾಯಿ ಬರಲಿಲ್ಲ, ಗುನ್ವೋರ್ ಎನ್ನಲು ನಾಲಗೆಯೂ ಹೊರಳಲಿಲ್ಲ. ‘ಗುಣವತಿ’ ಮಾಡಿದಳು. ಅರ್ಥ ಕೇಳಿ ಗುನ್ವೋರ್ ಎಷ್ಟು ಹಿಗ್ಗಿದಳೆಂದರೆ, ಅಂಚೆಯವನಿಗೂ ಹೇಳಿದಳು. ತಿರುಗಿ ಅವಳು ಅಮ್ಮನನ್ನು ‘ಫ್ರೋಕೆನ್’ ಎಂದು ಕರೆದಳು. ಇಲ್ಲಿಯ ಸಣ್ಣ ಮಕ್ಕಳು ತಮ್ಮ ಟೀಚರನ್ನು ಕರೆಯುವ ಶಬ್ದ. ‘ಫ್ರೋಕೆನ್, ಇದು ಪಾಸಾ?’ ಎಂದು ತೋಟಾವೊಂದನ್ನು ಮುಂದೆ ಹಿಡಿಯುವಳು. ಅಮ್ಮ ಗಂಭೀರವಾಗಿ ನೋಡಿ, ‘ಗ್ರೇಸ್ ಮಾರ್ಕ್ಸು’ ಎನ್ನುವಳು. ಇಬ್ಬರೂ ನಗುವರು. ನಾನು ‘ಟೀಚರ್’ ಎಂಬ ಅದೇ ಹೆಸರನ್ನು ಹೆದರಿ ಹೆದರಿ ಕರೆದು ಬೆಳೆದವಳು. ಗ್ರೇಸ್ ಮಾರ್ಕ್ಸು ಎಂಬುದು ಅಮ್ಮನ ಬಳಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

ಪ್ರಸನ್ನನ ಹತ್ತಿರ ಗೊಣಗಿದೆ. ಅವನು ಅನಘಾಳ ಊಟದ ಡಬ್ಬಿ ತೊಳೆಯುತ್ತ, ‘ನಿಂಗೆ ಪೊಸೆಸಿವ್‌ನೆಸ್ಸು ಅಮ್ಮನ ಮೇಲಾ, ಗುನ್ವೋರ್ ಮೇಲಾ? ಫಸ್ಟ್ ಅದನ್ನ ಡಿಸೈಡ್ ಮಾಡು’ ಎಂದ.

ನನಗೆ ನಿಜವಾಗಿಯೂ ತೀರ್ಮಾನಿಸಲಾಗಲಿಲ್ಲ. ಗುನ್ವೋರಳನ್ನು ಅಮ್ಮ ಕಸಿದುಕೊಂಡಳೆಂದು ಬೆಳಿಗ್ಗೆ ಉರಿಯುತ್ತಿದ್ದೆ. ಅಮ್ಮನನ್ನು ಗುನ್ವೋರ್ ಕಸಿದುಕೊಂಡಳೆಂದು ಸಂಜೆ ಉರಿಯುತ್ತಿದ್ದೆ. ಲ್ಯಾಬಿನಲ್ಲಿ ಮಾತ್ರೆ ಒತ್ತುವ ಯಂತ್ರದ ಮುಂದೆ ನಿಂತಾಗಲೂ ಅದೇ ಯೋಚನೆ. ಅಂದಹಾಗೆ ನನ್ನ ಕೆಲಸವೂ ಅಂಥದ್ದೇ: ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಮಾತ್ರೆ ಮಾಡುವುದು, ಮಾತ್ರೆ ಅಚ್ಚಿಗೆ ಅಂಟದಂತೆ ಎಷ್ಟು ಜಾರುಪುಡಿ ಸೇರಿಸಬೇಕೆಂದು ನೋಡುವುದು. ಈ ವಿಷಯದಲ್ಲಿ ನನಗೆ ತಕ್ಕಮಟ್ಟಿಗೆ ಹೆಸರೂ ಇತ್ತು. ಮುಂದೆ ಆದದ್ದನ್ನು ಕೇಳುವಾಗ ಇದನ್ನು ದಯವಿಟ್ಟು ಮನಸ್ಸಿನಲ್ಲಿಡಿ.

ಗುನ್ವೋರಳಿಗೆ ಒಂದು ದೊಡ್ಡ ಪಂದ್ಯವಿತ್ತು. ಅದರ ಹಿಂದಿನ ದಿನ, ಶುಕ್ರವಾರ, ನಾನು ಕೆಲಸದಿಂದ ಬೇಗ ಹೊರಟೆ. ಅಂಥ ಬಿಸಿಲಿನ ಮಧ್ಯಾಹ್ನ ಈ ಊರಿಗೆ ಅಪರೂಪ. ಮನೆಯಲ್ಲಿ ಅಮ್ಮ ಇರಲಿಲ್ಲ. ಬೇಲಿ ದಾಟಿದೆ. ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಪ್ರೆಸ್ಸಿನ ಕಿರ್ರೆನ್ನುವ ಸದ್ದು, ನಡುನಡುವೆ ಅಮ್ಮನ ಇಂಗ್ಲಿಷು. ಶಾಲೆಯ ಇಂಗ್ಲಿಷು, ಒಂದೊಂದು ಶಬ್ದವನ್ನೂ ಪೂರ್ತಿ ಉಚ್ಚರಿಸುವುದು.

‘ಅವರು ಕಾರ್ಕಳದ ಕಡೆಯವರು, ಗಣಿತದವರೇ’ ಎನ್ನುತ್ತಿದ್ದಳು ಅಮ್ಮ. ‘ಪರೀಕ್ಷೆಯ ಪೇಪರು ತಿದ್ದಲು ಉಡುಪಿಗೆ ಹೋಗುತ್ತಿದ್ದೆವು. ಪ್ರತಿ ವರ್ಷ ಒಂದೇ ಮೇಜು. ಅವರು ನನಗೆ ಪೆನ್ಸಿಲು ಚೂಪು ಮಾಡಿಕೊಡುತ್ತಿದ್ದರು.’

‘ಪೆನ್ಸಿಲು ಮಾತ್ರವಾ?’ ಎಂದಳು ಗುನ್ವೋರ್.

ಅಮ್ಮ ನಕ್ಕಳು. ಒಂದು ವಿಷಯ ಹೇಳಲೇಬೇಕು, ಆ ನಗು ನನಗೆ ಪರಿಚಯವಿರಲಿಲ್ಲ. ಕಾಲೇಜು ಹುಡುಗಿಯರು ಬಸ್ಸಿನ ಹಿಂದಿನ ಸೀಟಿನಲ್ಲಿ ನಗುವ ನಗು. ‘ಮೂರನೆಯ ವರ್ಷ ಕೇಳಿದರು. ಮದುವೆಯಾಗೋಣವೇ ಎಂದು. ಹೋಟೆಲಿನಲ್ಲಿ, ಮಸಾಲೆದೋಸೆ ಮುಂದೆ ಇಟ್ಟುಕೊಂಡು. ನನ್ನ ದೋಸೆ ತಣ್ಣಗಾಯಿತು.’

‘ಇಷ್ಟವಿತ್ತಾ?’

‘ಇತ್ತು’ ಎಂದಳು ಅಮ್ಮ, ಲೆಕ್ಕದ ಉತ್ತರ ಹೇಳುವ ಹಾಗೆ. ಕಿರ್ರ್. ಟಣ್. ಇನ್ನೊಂದು ತೋಟಾ ಆಯಿತು. ‘ಆದರೆ ಅವರಿಗೆ ನಾನು ಕೆಲಸ ಬಿಟ್ಟು ಕಾರ್ಕಳಕ್ಕೆ ಬರಬೇಕಿತ್ತು. ನಾನು ಬಿಡಲಿಲ್ಲ. ಮರುವರ್ಷ ಅವರು ಬೇರೆ ಮೇಜಿಗೆ ಹೋದರು. ಆಮೇಲೆ ಪೆನ್ಸಿಲು ನಾನೇ ಚೂಪು ಮಾಡಿಕೊಂಡೆ.’

ಗುನ್ವೋರ್ ಅಮ್ಮನ ತೋಳಿನ ಮೇಲೆ ಕೈಯಿಟ್ಟಳು. ಅಮ್ಮ ಆ ಕೈಯನ್ನು ಸರಿಸಲಿಲ್ಲ.

ನಾನು ಬಾಗಿಲಲ್ಲಿ ನಿಂತಿದ್ದೆ. ಉಡುಪಿಗೆ ಪೇಪರು ತಿದ್ದಲು ಹೋಗುವ ಆ ದಿನಗಳಲ್ಲಿ ಅಮ್ಮ ನನ್ನನ್ನು ಪಕ್ಕದ ಮನೆಯ ಅತ್ತೆಯ ಬಳಿ ಬಿಟ್ಟು ಹೋಗುತ್ತಿದ್ದುದು ನೆನಪಾಯಿತು. ಬರುವಾಗ ನನಗೆ ಹಲ್ವಾ ತರುತ್ತಿದ್ದಳು. ಅಮ್ಮನ ಬಾಳಿನಲ್ಲಿ ನಾನು, ಶಾಲೆ, ಗೋಡೆಯ ಮೇಲೆ ಅಪ್ಪನ ಫೋಟೊ ಬಿಟ್ಟರೆ ಬೇರೇನಿಲ್ಲ ಎಂದು ನಂಬಿದ್ದೆ. ಇಷ್ಟು ದೊಡ್ಡ ವಿಷಯವನ್ನು ಅವಳು ಪರದೇಶದ ಹೆಂಗಸೊಬ್ಬಳಿಗೆ, ತೋಟಾ ಒತ್ತುತ್ತ, ತಿಂಡಿಯ ಸುದ್ದಿಯಂತೆ ಹೇಳುತ್ತಿದ್ದಳು. 

ಒಳಗೆ ಹೋದೆ. ‘ನೀನು ಏಳಮ್ಮ, ಸುಸ್ತಾಗಿದೀಯ, ನಾನು ಮಾಡ್ತೇನೆ’ ಎಂದೆ.

‘ಸುಸ್ತು ಎಂತದೂ ಇಲ್ಲ.’

‘ಏಳು ಅಂದ್ರೆ ಏಳು.’

ಅಮ್ಮ ನನ್ನ ಮುಖ ನೋಡಿ ಎದ್ದಳು. ನಾನು ಟ್ರೇಯಿಂದ ತೋಟಾವೊಂದನ್ನು ಕಿತ್ತು ಪ್ರೆಸ್ಸಿನಲ್ಲಿ ನಿಲ್ಲಿಸಿ ಹಿಡಿಯನ್ನು ಜಗ್ಗಿದೆ. ಅರ್ಧಕ್ಕೆ ಬಿಗಿಯಿತು. ಇನ್ನೂ ಜಗ್ಗಿದೆ. ಒಳಗೆ ಹೋಯಿತು. ಎತ್ತಲು ನೋಡಿದರೆ ಬರುತ್ತಿಲ್ಲ. ಎರಡೂ ಕೈ ಹಾಕಿ ಎತ್ತಿದೆ. ಕಟಕ್ಕೆಂದು ತೋಟಾದ ಬುಡದ ಅಂಚು ಹರಿದು ಬಂತು, ತೋಟಾ ಮಾತ್ರ ಅಚ್ಚಿನೊಳಗೇ ಕಚ್ಚಿಕೊಂಡು ಉಳಿಯಿತು. ಜಿಡ್ಡು ಸವರುವುದನ್ನು ಮರೆತಿದ್ದೆ. ಅಚ್ಚಿಗೆ ಅಂಟದಂತೆ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು ಎಂದು ಆಗಲೇ ಹೇಳಿದೆನಲ್ಲ.

ಗುನ್ವೋರ್ ಬಗ್ಗಿ ನೋಡಿದಳು. ಮಾರನೆಯ ದಿನದ ಪಂದ್ಯದ ತೋಟಾಗಳು ಇನ್ನೂ ಅರ್ಧವೂ ಆಗಿರಲಿಲ್ಲ. ಬೇರೆ ಅಚ್ಚು ಇರಲಿಲ್ಲ. ನಾನು ಕ್ಷಮೆ ಕೇಳಲು ಸ್ವೀಡಿಷಿನ ಶಬ್ದ ಹುಡುಕುತ್ತಿದ್ದರೆ ಅವಳು ಅಮ್ಮನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ‘ಬುದ್ಧಿಹಲ್ಲು, ಫ್ರೋಕೆನ್. ಕೀಳಬೇಕು. ನೀವು ಹಿಡಿಯಿರಿ’ ಎಂದಳು.

ಇಬ್ಬರೂ ಸೇರಿ ಅಚ್ಚನ್ನು ಬಿಚ್ಚಿ ಬೆಂಚಿನ ಇಕ್ಕಳದಲ್ಲಿ ಬಿಗಿದರು. ಗುನ್ವೋರ್ ತೋಟಾದ ಬುಡಕ್ಕೆ ಡ್ರಿಲ್ಲಿನಿಂದ ತೂತು ಕೊರೆದು, ಅದರೊಳಗೆ ತಿರುಪಿನ ಗೆರೆ ಮೂಡಿಸಿ, ಒಂದು ಬೋಲ್ಟು ತಿರುಗಿಸಿ ಕೂರಿಸಿದಳು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಪ್ಯಾನರು ಹಿಡಿದು ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋದಳು. ‘ನಿಧಾನ, ನಿಧಾನ’ ಎಂದು ಗುನ್ವೋರ್. ‘ನನಗೆ ಗೊತ್ತುಂಟು, ನೀನು ಅಲುಗಾಡಬೇಡ’ ಎಂದು ಅಮ್ಮ, ಮರೆತು ಕನ್ನಡದಲ್ಲೇ. ಗುನ್ವೋರ್ ಅಲುಗಾಡದೆ ನಿಂತಳು. ಕೊನೆಗೆ ತೋಟಾ ಸಡಿಲಾಗಿ ಅಮ್ಮನ ಅಂಗೈಗೆ ಬಿತ್ತು. ಇಬ್ಬರೂ ಹೆರಿಗೆ ಮಾಡಿಸಿದವರಂತೆ ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಆ ಗ್ಯಾರೇಜಿನಲ್ಲಿ ನನಗೆ ಕೆಲಸವೂ ಇರಲಿಲ್ಲ, ಜಾಗವೂ ಇರಲಿಲ್ಲ.

ಮನೆಗೆ ಹಿಂದಿರುಗುವಾಗ ಬೇಲಿಯ ಹತ್ತಿರ ಅಮ್ಮನನ್ನು ನಿಲ್ಲಿಸಿದೆ.

‘ಕಾರ್ಕಳದವರ ಸಂಗತಿ ನನಗೆ ಯಾಕೆ ಯಾವತ್ತೂ ಹೇಳ್ಲಿಲ್ಲ?’

ನಾನು ಕದ್ದು ಕೇಳಿದ್ದಕ್ಕೆ ಅಮ್ಮ ಬೈಯಲಿಲ್ಲ. ಕೈಗೆ ಹತ್ತಿದ ಜಿಡ್ಡನ್ನು ಸೆರಗಿಗೆ ಒರೆಸುತ್ತ, ‘ನೀನು ಕೇಳಲಿಲ್ಲ’ ಎಂದಳು. ‘ಅವಳು ಕೇಳಿದಳು. ಗಂಡ ಹೋದ ಮೇಲೆ ಯಾರ ಮೇಲಾದರೂ ಮನಸ್ಸಾಗಿತ್ತಾ ಅಂತ ನೇರ ಕೇಳಿದಳು. ನನ್ನನ್ನು ಅಂಥದ್ದು ಯಾರೂ ಕೇಳಿರಲಿಲ್ಲ.’

‘ಇಂಥದ್ದು ಮಕ್ಕಳು ಕೇಳೂದು ಹೇಗಮ್ಮ?’

‘ಅದೂ ಹೌದು’ ಎಂದಳು. ಎರಡು ಹೆಜ್ಜೆ ಹೋಗಿ ತಿರುಗಿದಳು. ‘ಮತ್ತೆ ನೋಡು, ನಿನಗೋಸ್ಕರ ಬಿಟ್ಟೆ ಅಂತ ಎಲ್ಲ ತಿಳ್ಕೊಂಡು ಅಳುವುದು ಬೇಡ. ನನಗೆ ನನ್ನ ಕೆಲಸ ಬೇಕಿತ್ತು. ಅಷ್ಟೇ.’

ನಾನು ಅಳುವ ಸಿದ್ಧತೆಯಲ್ಲೇ ಇದ್ದೆ. ಅಮ್ಮ ಅದಕ್ಕೂ ಅವಕಾಶ ಕೊಡಲಿಲ್ಲ.

ಪಂದ್ಯದ ದಿನ ಅನಘಾಳಿಗೆ ಜ್ವರ. ನಾನು ಮನೆಯಲ್ಲುಳಿದೆ, ಅಮ್ಮ ಗುನ್ವೋರಳ ಹಳೆಯ ಕಾರಿನಲ್ಲಿ, ಕಿವಿಗೆ ದೊಡ್ಡ ಮುಚ್ಚಳ ತೊಟ್ಟುಕೊಳ್ಳುವ ಉತ್ಸಾಹದಲ್ಲಿ, ರೇಷ್ಮೆ ಸೀರೆಯುಟ್ಟು ಹೋದಳು. ಸಂಜೆ ಬಂದಾಗ ಅವಳ ಕೆನ್ನೆಗಳು ಕೆಂಪಾಗಿದ್ದವು. ‘ದುರ್ಬೀನಿನಲ್ಲಿ ನಾನೇ ನೋಡಿ ಹೇಳಿದ್ದು. ಗುಣವತಿಯ ಗುಂಡು ಎಲ್ಲ ನಡುವಿಗೇ ಬಿದ್ದದ್ದು’ ಎಂದಳು. ಎಷ್ಟನೆಯ ಸ್ಥಾನ ಬಂತೆಂದು ಕೇಳಿದರೆ ಅದು ಅವಳಿಗೆ ಮರೆತೇಹೋಗಿತ್ತು.

ಬೇಸಿಗೆ ಮುಗಿದು ಅಮ್ಮ ಹೊರಟಳು. ವಿಮಾನ ನಿಲ್ದಾಣಕ್ಕೆ ಗುನ್ವೋರಳೂ ಬಂದಳು. ಅಮ್ಮ ಜನ್ಮದಲ್ಲಿ ಯಾರನ್ನೂ ತಬ್ಬಿಕೊಂಡದ್ದು ನಾನು ಕಂಡಿರಲಿಲ್ಲ. ಅಂದು ಎಲ್ಲರೆದುರು ಗುನ್ವೋರಳನ್ನು ತಬ್ಬಿಕೊಂಡು ನಿಂತಳು, ಅವಳ ತಲೆ ಗುನ್ವೋರಳ ಎದೆಯ ಮಟ್ಟಕ್ಕೆ ಬರುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ, ‘ಫ್ರಿಜ್ಜಲ್ಲಿ ಹುಳಿ ಉಂಟು. ಇವತ್ತೇ ಮುಗಿಸಿ’ ಎಂದು ಹೇಳಿ ಒಳಗೆ ಹೋದಳು.

ಇಷ್ಟಕ್ಕೆ ಮುಗಿಯಿತೆಂದುಕೊಂಡಿದ್ದೆ. ಮುಂದಿನ ಚಳಿಗಾಲಕ್ಕೆ ಗುನ್ವೋರ್ ಕುಂದಾಪುರಕ್ಕೆ ಹೊರಟಳು. ನನಗೆ ರಜೆ ಇರಲಿಲ್ಲ. ನನ್ನ ಕೋಣೆಯಲ್ಲಿ, ನನ್ನ ಮಂಚದ ಮೇಲೆ ಅವಳು ಮಲಗಿದಳು. ಅಮ್ಮ ಅವಳನ್ನು ಮರವಂತೆಯ ಕಡಲಿಗೆ, ತನ್ನ ಶಾಲೆಗೆ, ಕೊನೆಗೆ ಕಾರ್ಕಳಕ್ಕೂ ಕರೆದೊಯ್ದಳು. ಆ ಮಾಸ್ತರರು ಇನ್ನೂ ಇದ್ದರಂತೆ. ಹೆಂಡತಿ, ಮೊಮ್ಮಕ್ಕಳು ಎಲ್ಲ ಇದ್ದ ತುಂಬಿದ ಮನೆ. ಎಲ್ಲರೂ ಒಟ್ಟಿಗೆ ಕೂತು ಗೋಳಿಬಜೆ ತಿಂದರಂತೆ. ನಾನು ಫೋನು ಮಾಡಿದರೆ ಹಿಂದಿನಿಂದ ಇಬ್ಬರ ನಗು ಕೇಳಿಸುತ್ತಿತ್ತು. ‘ಈಗ ಪತ್ರೊಡೆ ಬೇಯ್ತಾ ಉಂಟು, ಆಮೇಲೆ ಮಾಡು’ ಎಂದು ಅಮ್ಮ ಇಟ್ಟುಬಿಡುತ್ತಿದ್ದಳು. ಹೊರಗೆ ಹಿಮ ಬೀಳುತ್ತಿತ್ತು. ಗುನ್ವೋರಳ ಗಿಡಗಳಿಗೆ ನೀರು ಹಾಕುವ ಜವಾಬ್ದಾರಿ ನನ್ನದಾಗಿತ್ತು. ಹಾಕಿದೆ, ಆದರೆ ಪ್ರೀತಿಯಿಂದ ಹಾಕಿದೆನೆಂದು ಹೇಳಲಾರೆ.

ಅಮ್ಮ ಹೋಗಿ ಈಗ ಕೆಲವು ವರ್ಷಗಳಾದವು. ಕಾಯಿಲೆ ಕಸಾಲೆ ಏನೂ ಇಲ್ಲದೆ, ಒಂದು ಬೆಳಿಗ್ಗೆ ಹೂ ಕೊಯ್ಯುವಾಗ ಕುಸಿದಳು. ಸುದ್ದಿ ಬಂದಾಗ ಬೇಲಿ ದಾಟಿ ಗುನ್ವೋರಳಿಗೆ ಹೇಳಲು ಹೋದೆ. ನನ್ನ ಬಾಯಿಂದ ಮಾತು ಹೊರಡುವ ಮೊದಲೇ ಅವಳು ಮುಖ ನೋಡಿ ಅರ್ಥ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತು ಅತ್ತಳು. ಅವಳನ್ನು ಸಮಾಧಾನಪಡಿಸುವುದರಲ್ಲಿ ನನ್ನ ಅಳು ಹಿಂದಕ್ಕುಳಿಯಿತು. ವಿಮಾನದಲ್ಲಿ ಕೂತ ಮೇಲೆ, ಅಳುವುದರಲ್ಲಿಯೂ ಇವಳೇ ಮೊದಲಾದಳಲ್ಲ ಎಂದು ನನಗೆ ಅನಿಸಿತು. ಅಂಥ ಹೊತ್ತಿನಲ್ಲೂ ಅನಿಸಿತು. ಮನುಷ್ಯರ ಮನಸ್ಸು.

ಗುನ್ವೋರ್ ಈಗ ಮೋಲ್ನ್‌ಡಾಲಿನ ವೃದ್ಧರ ವಸತಿಯೊಂದರಲ್ಲಿದ್ದಾಳೆ. ಕೋವಿ, ಪ್ರೆಸ್ಸು ಎಲ್ಲ ಕ್ಲಬ್ಬಿಗೆ ಹೋದವು. ಮಂಡಿ ನಡೆಯಲು ಬಿಡುವುದಿಲ್ಲ, ಆದರೆ ತಲೆ ಚುರುಕಾಗಿದೆ. ನಾನು ಬಿಡುವಾದಾಗಲೆಲ್ಲ ಹೋಗುತ್ತೇನೆ. ಮೊದಮೊದಲು ಹವೆ, ಊಟ, ಅನಘಾಳ ಕೆಲಸ ಎಂದು ಮಾತಾಡುತ್ತಿದ್ದೆವು. ಆಮೇಲೊಂದು ದಿನ ಬಿಗುಮಾನ ಬಿಟ್ಟು ಕೇಳಿದೆ: ಅಮ್ಮ ನಿನಗೆ ಏನೇನು ಹೇಳಿದ್ದಳು? ಅಂದಿನಿಂದ ಅವಳು ಸ್ವಲ್ಪ ಸ್ವಲ್ಪವೇ ಕೊಡುತ್ತ ಬಂದಿದ್ದಾಳೆ. ಅಪ್ಪ ಮದುವೆಯ ದಿನ ಉಂಗುರ ಕಳೆದುಕೊಂಡದ್ದು, ನಾನು ಹುಟ್ಟುವಾಗ ಅಮ್ಮ ನೋವು ತಡೆಯಲು ಮಗ್ಗಿ ಹೇಳಿದ್ದು. ಪರರ ಮನೆಯಲ್ಲಿ ನನ್ನ ಮನೆಯ ಪಾತ್ರೆಗಳನ್ನು ಕಂಡಂತೆ ಇರುತ್ತದೆ. ತಗೊಂಡು ಬರುತ್ತೇನೆ, ಸ್ವಲ್ಪ ಉರಿಯುತ್ತಲೇ.

ಮೊನ್ನೆ, ಆ ಟ್ರಾಮಿನಿಂದ ಇಳಿದು ಹೋದಾಗ, ಅವಳು ಕಿಟಕಿಯ ಹತ್ತಿರ ಕೂತಿದ್ದಳು. ನಾನು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ, ‘ನನ್ನ ಹತ್ತಿರ ಇದ್ದದ್ದೆಲ್ಲ ಮುಗಿಯುತ್ತ ಬಂತು’ ಎಂದಳು. ‘ಈಗ ನೀನು ಹೇಳು. ಫ್ರೋಕೆನ್ ಬಗ್ಗೆ ನನಗೆ ಗೊತ್ತಿಲ್ಲದ್ದು ಒಂದು.’

ಯೋಚಿಸಿದೆ. ಉತ್ತರಪತ್ರಿಕೆಗಳು, ಹುಳಿ, ಹಲ್ವಾ. ಅವೆಲ್ಲ ಅವಳಿಗೆ ಗೊತ್ತಿದ್ದವೇ. ಏನೂ ಇಲ್ಲ ಎನ್ನಲು ಬಾಯಿ ತೆರೆದಾಗ ಎಲ್ಲಿಂದಲೋ ಒಂದು ಸೈಕಲ್ಲು ಬಂತು.

ಅಪ್ಪ ಹೋದ ಮರುವರ್ಷ ಅಮ್ಮನನ್ನು ಹೆಮ್ಮಾಡಿಯ ಶಾಲೆಗೆ ಹಾಕಿದ್ದರು. ಶಾಲೆಯ ಹೊತ್ತಿಗೆ ಸರಿಯಾದ ಬಸ್ಸು ಇರಲಿಲ್ಲ. ಅಮ್ಮ ಯಾರದೋ ಹಳೆಯ ಲೇಡೀಸ್ ಸೈಕಲ್ಲು ತಂದಳು. ಸಂಜೆ ಮನೆಯ ಪಕ್ಕದ ನನ್ನ ಶಾಲೆ ಬಿಟ್ಟು ಎಲ್ಲರೂ ಹೋದ ಮೇಲೆ ಗೇಟು ಹಾಕಿಕೊಂಡು ಅದರ ಮೈದಾನದಲ್ಲಿ ಕಲಿಯುತ್ತಿದ್ದಳು. ಹಿಂದಿನಿಂದ ಕ್ಯಾರಿಯರು ಹಿಡಿದು ಓಡುವವಳು ನಾನು. ‘ಬಿಡಬೇಡ, ಬಿಟ್ಟರೆ ನೋಡು’ ಎನ್ನುತ್ತಿದ್ದಳು. ಒಂದು ಸಂಜೆ ನನಗೆ ಓಡಲಾಗದೆ ಕೈ ಬಿಟ್ಟಿತು. ಅಮ್ಮನಿಗೆ ಗೊತ್ತೇ ಆಗಲಿಲ್ಲ. ಮೈದಾನದ ಸುತ್ತ ಒಬ್ಬಳೇ ಹೋದಳು, ನನ್ನೊಡನೆ ಮಾತಾಡುತ್ತ. ತಿರುವಿನಲ್ಲಿ ನಾನು ದೂರ ನಿಂತದ್ದು ಕಂಡದ್ದೇ ಹೋಗಿ ದಾಸವಾಳದ ಬೇಲಿಗೆ ಬಿದ್ದಳು. ನಾನು ಹೆದರಿ ಓಡಿದೆ. ಸೀರೆ ಹರಿದಿತ್ತು, ಮೊಣಕೈ ತರಚಿತ್ತು. ಅಮ್ಮ ಹೂವುಗಳ ನಡುವೆ ಅಂಗಾತ ಬಿದ್ದುಕೊಂಡು ನಗುತ್ತಿದ್ದಳು. ನನ್ನನ್ನು ಎಳೆದು ಪಕ್ಕಕ್ಕೆ ಬೀಳಿಸಿಕೊಂಡಳು. ಇಬ್ಬರೂ ಆಕಾಶ ನೋಡುತ್ತ, ಹೊಟ್ಟೆ ಹಿಡಿದುಕೊಂಡು, ಕತ್ತಲಾಗುವವರೆಗೆ ನಕ್ಕೆವು. ‘ಯಾರಿಗೂ ಹೇಳಬೇಡ, ಆಯ್ತಾ’ ಎಂದಿದ್ದಳು.

 ಆ ಸಂಜೆ ಇಷ್ಟು ವರ್ಷ ನನ್ನೊಳಗೆ ಎಲ್ಲಿತ್ತೋ ತಿಳಿಯದು.

ಗುನ್ವೋರ್ ನಗಲಿಲ್ಲ. ‘ಅವಳಿಗೆ ಸೈಕಲ್ಲು ಬರುತ್ತಿತ್ತಾ?’ ಎಂದಳು.

‘ಬರುತ್ತಿತ್ತು.’

‘ನಾನು ಕೇಳಿದ್ದೆ. ನನ್ನ ಹತ್ತಿರ ಎರಡು ಸೈಕಲ್ಲುಗಳಿದ್ದವು, ಒಟ್ಟಿಗೆ ಕೆರೆಯವರೆಗೆ ಹೋಗೋಣ ಎಂದಿದ್ದೆ. ಬರುವುದಿಲ್ಲ, ಯಾವತ್ತೂ ಕಲಿತಿಲ್ಲ ಎಂದಳು.’ ಕೈಯಲ್ಲಿದ್ದ ಬನ್ನನ್ನು ತಟ್ಟೆಗಿಟ್ಟಳು. ‘ನನಗೆ ಎಲ್ಲ ಹೇಳಿದ್ದಾಳೆ ಎಂದುಕೊಂಡಿದ್ದೆ.’

ಅವಳು ಮುಖ ಕಿಟಕಿಯ ಕಡೆ ತಿರುಗಿಸಿದಳು. ತುಟಿಗಳನ್ನು ಒಂದರ ಮೇಲೊಂದು ಒತ್ತಿದ್ದಳು, ಬನ್ನಿನ ತಟ್ಟೆಯನ್ನು ಬೆರಳ ತುದಿಯಿಂದ ಆಚೆ ತಳ್ಳಿದಳು. ನನಗೆ ಆ ಮುಖ ಚೆನ್ನಾಗಿ ಗೊತ್ತು; ಒಂದು ಇಡೀ ಬೇಸಿಗೆ ಅದನ್ನು ಕನ್ನಡಿಯಲ್ಲಿ ನೋಡಿದ್ದೇನೆ. ಅವಳ ಮೇಲೆ ಎಂದೂ ಬಾರದಷ್ಟು ಪ್ರೀತಿ ಬಂತು. ಕಪ್ಪಿಗೆ ಬಿಸಿ ಕಾಫಿ ಬಗ್ಗಿಸಿ ಮುಂದಿಟ್ಟೆ.

ಕಾಫಿ ಅರ್ಧ ಕುಡಿದ ಮೇಲೆ, ಹೊರಗೇ ನೋಡುತ್ತ, ‘ಯಾವ ಬಣ್ಣದ ಸೈಕಲ್ಲು?’ ಎಂದು ಕೇಳಿದಳು.

‘ಹಸಿರು’ ಎಂದೆ. ಮಿಕ್ಕದ್ದನ್ನು ನನ್ನ ಹತ್ತಿರವೇ ಇಟ್ಟುಕೊಂಡೆ.